ಹಗ್ಗ ಹಿಡಿಯದ ಸುಲೋಚನಾ ಮೇಡಂ

ಕತ್ತಿನ ಹಿಂದೆ ಬೇವಿನ ಎಲೆ ಸವರುವುದು, ಕಿವಿಯ ಪಕ್ಕ ತಟ್ಟೆ ಬಡಿಯುವುದು, ಬೆನ್ನಿಗೆ ತಣ್ಣೀರು ಎರಚುವುದು, ಯಾವುದಕ್ಕೂ ಜಗ್ಗದಿದ್ದರೆ ಇದ್ದಕ್ಕಿದ್ದಂತೆ "ಹಾವು!" ಎಂದು ಕಿರುಚುವುದು. ಸುಲೋಚನಾ ಮೇಡಂ ಬಂಡೆ ಹತ್ತುವುದನ್ನು ಕಲಿಸುತ್ತಿದ್ದುದು ಹೀಗೆ. ಆಗ ಸುತ್ತಮುತ್ತ ಬಂಡೆಯೇ ಇರುತ್ತಿರಲಿಲ್ಲ. ನಾವಿರುತ್ತಿದ್ದುದು ಮಲ್ಲೇಶ್ವರದ ಒಂದು ವಠಾರದ ತಾರಸಿಯ ಮೇಲೆ. ಸೊಂಟಕ್ಕೆ ಒಂದು ನೀಲಿ ಹಗ್ಗ ಬಳಸಿಕೊಂಡು ನಿಲ್ಲಬೇಕು. ಅದರ ಒಂದು ತುದಿಯಲ್ಲಿ, ಪ್ಯಾರಾಪೆಟ್ ಗೋಡೆಯ ಆಚೆ, ನೀರು ತುಂಬಿದ ಬಕೆಟ್ ಅಂಗಳದ ಮೇಲೆ ತೂಗಾಡುತ್ತಿರುತ್ತಿತ್ತು. ಇನ್ನೊಂದು ತುದಿ ನಮ್ಮ ಬಲಗೈಯಲ್ಲಿ. ಮೇಡಂ ಹಿಂದೆ ನಿಂತು ಏನೇ ಮಾಡಲಿ, ಆ ಬಲಗೈ ಸಡಿಲವಾಗಬಾರದು.

"ಅದು ಬಕೆಟ್ ಅಲ್ಲ ಕಣೇ," ಎನ್ನುತ್ತಿದ್ದರು. "ಯಾರೋ ಹೆತ್ತ ಮಗಳು. ಅವಳಮ್ಮ ಮನೇಲಿ ಕಾಯ್ತಿದಾರೆ ಅಂದ್ಕೊಂಡು ಹಿಡಿ."

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಮನೆ ಬಸವನಗುಡಿಯಲ್ಲಿ. ಚಿಕ್ಕಂದಿನಿಂದ ಲಾಲ್‌ಬಾಗಿನ ಬಂಡೆಯ ಮೇಲೆ ಎಲ್ಲರಿಗಿಂತ ಮೊದಲು ಓಡಿ ಹತ್ತುತ್ತಿದ್ದವಳು ಎಂಬ ಒಂದೇ ಅರ್ಹತೆಯ ಮೇಲೆ ನನಗೆ ಪರ್ವತಾರೋಹಣದ ಹುಚ್ಚು ಹತ್ತಿತ್ತು. ಮಲ್ಲೇಶ್ವರದ ಹೈಸ್ಕೂಲೊಂದರ ಗಣಿತದ ಟೀಚರ್ ಭಾನುವಾರ ಕಾಲೇಜು ಹುಡುಗ ಹುಡುಗಿಯರನ್ನು ತುರಹಳ್ಳಿ ಗುಡ್ಡಕ್ಕೆ ಕರೆದೊಯ್ದು ಬಂಡೆ ಹತ್ತಿಸುತ್ತಾರೆ ಎಂದು ಗೆಳತಿಯೊಬ್ಬಳು ಹೇಳಿದಾಗ, ಗಟ್ಟಿಮುಟ್ಟಾದ, ಕ್ರಾಪು ಕತ್ತರಿಸಿದ ಹೆಂಗಸೊಬ್ಬರನ್ನು ಕಲ್ಪಿಸಿಕೊಂಡು ಹೋದೆ. ಬಾಗಿಲು ತೆರೆದವರು ನಲವತ್ತು ದಾಟಿದ, ಸಣಕಲು ಮೈಯ, ವಾಯಿಲ್ ಸೀರೆಯುಟ್ಟ ಒಬ್ಬರು. ಬೆರಳ ತುದಿಯಲ್ಲಿ ಸೀಮೆಸುಣ್ಣ. ಅವರ ಹಿಂದೆ ತಾರಸಿಯ ನೆರಳಿನಲ್ಲಿ, ತಂತಿಯ ಮೇಲೆ, ಎರಡು ಸೀರೆಗಳ ನಡುವೆ ಒಗೆದ ಹಗ್ಗ ಒಣಗುತ್ತಿತ್ತು.

ಇಷ್ಟು ಸ್ಪಷ್ಟವಾಗಿ ನೆನಪಿದೆ ಎಂದು ಬರೆದ ಮೇಲೆ ಅನುಮಾನ ಬರುತ್ತದೆ. ಮೊದಲ ದಿನವೇ ಹಗ್ಗ ಒಣಗುತ್ತಿತ್ತೇ? ಆಮೇಲೆ ಅದೆಷ್ಟು ಸಲ ನೋಡಿದ ಚಿತ್ರವನ್ನು ಮೊದಲ ದಿನಕ್ಕೆ ಅಂಟಿಸಿಕೊಂಡಿರಬಹುದು. ನನ್ನ ನೆನಪಿಗೆ ಈ ಕೆಟ್ಟ ಅಭ್ಯಾಸವಿದೆ. ಅದು ಎಷ್ಟು ಕೆಟ್ಟದ್ದು ಎನ್ನುವುದು ಗೊತ್ತಾಗಲು ನನಗೆ ಬಹಳ ವರ್ಷ ಹಿಡಿಯಿತು.

"ಹತ್ತೋದು ಯಾವಾಗ ಕಲಿಸ್ತೀರಾ ಮೇಡಂ?" ಎಂದು ಬಕೆಟ್ ಹಿಡಿದು ಸೋತು ಒಂದು ದಿನ ಕೇಳಿದೆ.

"ಹತ್ತೋದೇನು ಮಹಾ? ಮಂಗಾನೂ ಹತ್ತತ್ತೆ. ಹತ್ತೋ ಇನ್ನೊಬ್ಬಳನ್ನ ಹಿಡ್ಕೊಳ್ಳೋದು ಮಂಗಕ್ಕೆ ಬರಲ್ಲ. ನೀನು ಮಂಗ ಆಗೋಕೆ ಬಂದಿದ್ರೆ ಲಾಲ್‌ಬಾಗೇ ಸಾಕು, ಇಲ್ಲೀವರೆಗೂ ಬಸ್ ಚಾರ್ಜು ದಂಡ."

ಆವತ್ತೇ ಇರಬೇಕು, ಸೊಳ್ಳೆಯೊಂದು ನನ್ನ ಕೆನ್ನೆಯ ಮೇಲೆ ಕೂತಿತು. ಬೇವಿನ ಎಲೆ, ತಟ್ಟೆ, ತಣ್ಣೀರು, ಹಾವು ಎಲ್ಲವನ್ನೂ ಗೆದ್ದಿದ್ದವಳು ಸೊಳ್ಳೆಗೆ ಬಲಗೈ ಎತ್ತಿಬಿಟ್ಟೆ. ಹಗ್ಗ ಸೊಂಟವನ್ನು ಉಜ್ಜಿಕೊಂಡು ಸರ್ರನೆ ಓಡಿತು. ಕೆಳಗೆ ದೊಡ್ಡ ಸದ್ದಾಯಿತು. ಆಮೇಲೆ ವಠಾರದ ಒಡತಿ ರುಕ್ಮಿಣಮ್ಮನವರ ದನಿ ಬಂತು:

"ಸುಲೋಚನಾ! ನಿಮ್ಮ ಹಿಮಾಲಯ ನನ್ನ ಸಂಡಿಗೆ ಮೇಲೆ ಬಿತ್ತು ನೋಡ್ರೀ!"

ನಾನು ನಕ್ಕೆ. ರುಕ್ಮಿಣಮ್ಮನೂ ಬೈಯುತ್ತಲೇ ನಗುತ್ತಿದ್ದರು. ಮೇಡಂ ಮಾತ್ರ ನಗಲಿಲ್ಲ. ಗೋಡೆಗೆ ಬಗ್ಗಿ ಕೆಳಗೆ ನೋಡುತ್ತಲೇ ಇದ್ದರು. ಅಪ್ಪಚ್ಚಿಯಾದ ಬಕೆಟ್ಟು, ಒದ್ದೆಯಾದ ಚಾಪೆ, ಹರಡಿದ ಸಂಡಿಗೆ. ಅವರ ಮುಖ ಬಿಳಿಚಿಕೊಂಡಿತ್ತು. ಬರೀ ಬಕೆಟ್ಟಿಗೆ ಇವರಿಗೇಕೆ ಇಷ್ಟು ಸಂಕಟ ಎಂದು ನನಗೆ ಅರ್ಥವಾಗಲಿಲ್ಲ.

ಕೊನೆಗೂ ತುರಹಳ್ಳಿಗೆ ಕರೆದೊಯ್ದರು. ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಸ್ಸು, ಆಮೇಲೆ ಕುರುಚಲು ಕಾಡಿನಲ್ಲಿ ನಡಿಗೆ. ಮೇಡಂ ಸಲ್ವಾರ್ ಕಮೀಜ್ ತೊಟ್ಟು, ಶಾಲೆಯ ಡ್ರಿಲ್ಲಿಗೆ ಹಾಕುವಂಥ ಬಿಳಿ ಕ್ಯಾನ್‌ವಾಸ್ ಶೂ ಹಾಕಿ, ಕರ್ಚೀಫಿನಲ್ಲಿ ಕುಟ್ಟಿದ ಸೀಮೆಸುಣ್ಣ ಕಟ್ಟಿಕೊಂಡು ಬರುತ್ತಿದ್ದರು. ಕೈ ಬೆವರದಿರಲಿ ಎಂದು ಅದನ್ನೇ ನಮ್ಮ ಅಂಗೈಗೆ ಬಳಿಯುತ್ತಿದ್ದರು. ಬಂಡೆಯ ನೆತ್ತಿಯಲ್ಲಿ ಕಟ್ಟಿದ ಕೊಂಡಿಯೊಳಗಿಂದ ಹಗ್ಗ ಹಾದು ಕೆಳಗೆ ಬರುತ್ತಿತ್ತು. ಒಂದು ತುದಿ ಹತ್ತುವವರ ಸೊಂಟಕ್ಕೆ, ಇನ್ನೊಂದು ಕೆಳಗೆ ಹಿಡಿದು ನಿಂತವರಿಗೆ.

ಮೂರಾಳು ಎತ್ತರದಲ್ಲಿ ನನ್ನ ಧೈರ್ಯ ಮುಗಿಯಿತು. ಬಂಡೆಗೆ ಕೆನ್ನೆಯೊತ್ತಿ, ಎರಡೂ ಕೈಯಲ್ಲಿ ತಬ್ಬಿಕೊಳ್ಳಲು ನೋಡುತ್ತಿದ್ದೆ. ಕಾಲು ನನ್ನ ಮಾತು ಕೇಳದೆ ನಡುಗುತ್ತಿತ್ತು.

"ಯಾಕೆ ಪದ್ಮಾ, ಕಾಲು ಭರತನಾಟ್ಯ ಮಾಡ್ತಿದೆ?" ಕೆಳಗಿನಿಂದ ಮೇಡಂ. "ಬಂಡೇನ ಅಪ್ಕೋಬೇಡ, ಅದು ನಿಮ್ಮಜ್ಜಿ ಅಲ್ಲ. ಹೊಟ್ಟೆ ದೂರ ತಗೋ. ಕಾಲು ನೋಡು. ಕಾಲು ಕೆಲ್ಸ ಮಾಡ್ಲಿ, ಕೈ ಬರೀ ಜೊತೆಗಿರ್ಲಿ."

ಹೊಟ್ಟೆಯನ್ನು ದೂರ ತೆಗೆದುಕೊಂಡ ಕೂಡಲೇ ಪಾದ ಗಟ್ಟಿಯಾಗಿ ಊರಿತು. ಭಯ ಹೋಗಲಿಲ್ಲ, ಆದರೆ ಅದರ ಜೊತೆಗೇ ಮುಂದಿನ ಹೆಜ್ಜೆ ಇಡಬಹುದು ಎಂದು ತಿಳಿಯಿತು. ನೆತ್ತಿ ಮುಟ್ಟಿ ಕೂಗಿಕೊಂಡೆ. ಕೆಳಗೆ ನೋಡಿದಾಗ ಹಗ್ಗ ಹಿಡಿದಿದ್ದವಳು ನನ್ನ ಗೆಳತಿ. ಮೇಡಂ ಅವಳ ಹಿಂದೆ, ಕೈ ಕಟ್ಟಿ ನಿಂತಿದ್ದರು.

ಗಮನಿಸುತ್ತಾ ಹೋದಂತೆ ಇದು ಪ್ರತಿ ವಾರದ ಕಥೆ ಎಂದು ಗೊತ್ತಾಯಿತು. ಮೇಡಂ ಹಗ್ಗ ಒಗೆಯುತ್ತಾರೆ, ಕಣ್ಣು ಮುಚ್ಚಿ ಬೆರಳಾಡಿಸಿ ಎಲ್ಲಾದರೂ ಮೆತ್ತಗಾಗಿದೆಯೇ ನೋಡುತ್ತಾರೆ, ಗಂಟು ಹಾಕುತ್ತಾರೆ, ತಾವೂ ಹತ್ತುತ್ತಾರೆ. ಆದರೆ ಇನ್ನೊಬ್ಬರು ಹತ್ತುವಾಗ ಹಗ್ಗ ಹಿಡಿಯುವುದಿಲ್ಲ. "ನೀವು ಹಿಡೀರಿ ಮೇಡಂ, ನಂಗೆ ಧೈರ್ಯ ಬರತ್ತೆ" ಎಂದು ಯಾರಾದರೂ ಅಂದರೆ "ನಂಗೆ ಬರಲ್ಲಪ್ಪ" ಎಂದು ಚಿತ್ರಾನ್ನದ ಡಬ್ಬಿ ಬಿಚ್ಚಲು ಹೋಗುತ್ತಿದ್ದರು.

ಕಾರಣ ಗೊತ್ತಾದದ್ದು ಚಾಮರಾಜಪೇಟೆಯಲ್ಲಿ. ಪ್ರತಿ ಶನಿವಾರ ಸಂಜೆ ಮೇಡಂ ಅಲ್ಲಿಗೆ ಹೋಗುತ್ತಿದ್ದರು. ಒಮ್ಮೆ, ತರಕಾರಿ ಚೀಲ ಭಾರವಾಗಿತ್ತೆಂದು, ನನ್ನನ್ನೂ ಕರೆದರು. ಬೀದಿಗೆ ತೆರೆದುಕೊಂಡ ಪುಟ್ಟ ಮನೆ. ಒಳಗೆ ಮೈಥಿಲಿ ಅಕ್ಕ, ಮೇಡಂ ವಯಸ್ಸಿನವರೇ. ಹಿಂದೆ ಅದೇ ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದವರು, ಈಗ ಮನೆಯಲ್ಲೇ ಟ್ಯೂಷನ್. ಬಲಗಾಲು ಗಿಡ್ಡವಾಗಿತ್ತು. ಊರುಗೋಲು ಹಿಡಿದು ನಡೆಯುತ್ತಿದ್ದರು. ಮೇಡಂ ಬಂದವರೇ ಸೆರಗು ಸಿಕ್ಕಿಸಿ ಹಿತ್ತಲಿಗೆ ನೀರು ತುಂಬಲು ಹೋದರು. ಅಡುಗೆಮನೆ ನೋಡಿ ನನಗೆ ವಿಚಿತ್ರವೆನಿಸಿತು. ಗೂಡುಗಳೆಲ್ಲ ಖಾಲಿ. ಬೇಳೆ, ಹಿಟ್ಟು, ಸಾರಿನ ಪುಡಿ, ಎಲ್ಲ ಡಬ್ಬಗಳೂ ಗೋಡೆಯುದ್ದಕ್ಕೂ ನೆಲದ ಮೇಲೆ ಸಾಲಾಗಿ ಕೂತಿದ್ದವು.

"ನಾನು ಕೈ ಎತ್ತಿ ತೆಗೆಯೋಕೆ ಹೋಗಿ ಬಿದ್ದುಬಿಡ್ತೀನಂತೆ," ಎಂದರು ಮೈಥಿಲಿ ಅಕ್ಕ, ನನ್ನ ಕಣ್ಣು ಹೋದ ಕಡೆ ನೋಡಿ. "ನಂಗೆ ಹೋಗಿರೋದು ಕಾಲಮ್ಮ, ಕೈ ಚೆನ್ನಾಗೇ ಇದೆ. ನಾನು ಮೇಲೆ ಇಡ್ತೀನಿ, ಶನಿವಾರ ಅವಳು ಬಂದು ಕೆಳಗೆ ಇಡ್ತಾಳೆ. ಅವಳ ಸಂಕಟಕ್ಕೆ ವಾರ ವಾರ ನಾನು ಕಾಫಿ ಬೇರೆ ಮಾಡ್ಬೇಕು."

ನಾನು ಬಂಡೆಯ ಲೋಕಕ್ಕೆ ಬರುವ ಹತ್ತು ಹನ್ನೆರಡು ವರ್ಷ ಮೊದಲು ಇಬ್ಬರೂ ರಾಮನಗರದ ಬೆಟ್ಟಕ್ಕೆ ಹೋಗಿದ್ದರು. ಮೈಥಿಲಿ ಅಕ್ಕ ಹತ್ತುತ್ತಿದ್ದರು, ಕೆಳಗೆ ಹಗ್ಗ ಮೇಡಂ ಕೈಯಲ್ಲಿತ್ತು. ಬಂಡೆಯ ಗೂಡಿನಿಂದ ಹೆಜ್ಜೇನು ಎದ್ದಿತು. ಮುಖಕ್ಕೆ ಮುತ್ತಿದ ಹುಳುಗಳನ್ನು ಓಡಿಸಲು ಮೇಡಂ ಬಲಗೈ ಎತ್ತಿದರು. ಅಷ್ಟೇ.

"ಹೆಜ್ಜೇನು ಬಂದ್ರೆ ಯಾರು ತಾನೇ ಕೈ ಎತ್ತಲ್ಲ? ನಾನಾಗಿದ್ರೆ ಎರಡೂ ಕೈ ಬಿಟ್ಟು ಓಡಿಹೋಗ್ತಿದ್ದೆ. ಇದನ್ನ ಅವಳಿಗೆ ಸಾವಿರ ಸಲ ಹೇಳಿದೀನಿ. ತಲೆ ಆಡಿಸ್ತಾಳೆ, ಡಬ್ಬ ಕೆಳಗೆ ಇಡ್ತಾಳೆ."

ಬೇವಿನ ಎಲೆ, ತಟ್ಟೆ, ಹಾವು, ಎಲ್ಲಕ್ಕೂ ಅರ್ಥ ಬಂತು. ಸಂಡಿಗೆಯ ಮೇಲೆ ಬಿದ್ದ ಬಕೆಟ್ಟು ನೋಡಿ ನಾನು ನಕ್ಕಿದ್ದು ನೆನಪಾಯಿತು.

ಆಮೇಲೆ ನಾನು ಚಾಮರಾಜಪೇಟೆಗೆ ಒಬ್ಬಳೇ ಹೋಗತೊಡಗಿದೆ. ಒಂದು ದಿನ ಮೈಥಿಲಿ ಅಕ್ಕ ಕೇಳಿದರು: "ನನ್ನನ್ನ ಒಂದ್ಸಲ ಬಂಡೆ ಹತ್ರ ಕರ್ಕೊಂಡು ಹೋಗ್ತೀಯಾ? ಹತ್ತಬೇಕು ಅಂತ ಆಸೆ. ಆಳೆತ್ತರ ಆದ್ರೂ ಸಾಕು. ಸುಲೂನೇ ಹಗ್ಗ ಹಿಡೀಬೇಕು. ಆದ್ರೆ ಅವಳಿಗೆ ಮೊದಲೇ ಹೇಳ್ಬೇಡ. ಹೇಳಿದ್ರೆ ಆವತ್ತು ಅವಳಿಗೆ ಜ್ವರ ಬರತ್ತೆ."

ನಾನು ಒಪ್ಪಿದೆ. ಅವರ ಆಸೆಗೆ ಒಪ್ಪಿದೆನೋ, ಇವರಿಬ್ಬರ ನಡುವೆ ಇಷ್ಟು ವರ್ಷ ಬಿಡಿಸದಿದ್ದ ಗಂಟನ್ನು ನಾನೇ ಬಿಡಿಸಿದೆ ಎನ್ನಿಸಿಕೊಳ್ಳುವ ಆಸೆಗೆ ಒಪ್ಪಿದೆನೋ, ಇವತ್ತಿಗೂ ಹೇಳಲಾರೆ. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಇನ್ನೊಬ್ಬರ ದುಃಖ ಸರಿಮಾಡುವುದು ಒಂದು ಭಾನುವಾರದ ಕೆಲಸ ಎಂದುಕೊಳ್ಳುವ ವಯಸ್ಸು.

ಆಟೋದಲ್ಲಿ ತುರಹಳ್ಳಿ ತಲುಪಿದೆವು. ಕಾಡಿನ ದಾರಿಯಲ್ಲಿ ಮೈಥಿಲಿ ಅಕ್ಕ ಊರುಗೋಲೂರಿ, ಕುಂಟುತ್ತಾ, ದಣಿವಾರಿಸಿಕೊಳ್ಳುತ್ತಾ ನಡೆದರು. ಬಂಡೆಯ ಬುಡದಲ್ಲಿ ಮೇಡಂ ಒಬ್ಬ ಹುಡುಗನಿಗೆ ಗಂಟು ಹಾಕಿಕೊಡುತ್ತಿದ್ದರು. ತಲೆ ಎತ್ತಿ ನಮ್ಮನ್ನು ನೋಡಿದರು. ಮೊದಲು ಮೈಥಿಲಿ ಅಕ್ಕನನ್ನು, ಆಮೇಲೆ ನನ್ನನ್ನು. ನನ್ನ ಮೇಲೆಯೇ ಹೆಚ್ಚು ಹೊತ್ತು ಕಣ್ಣು ನಿಂತಿತ್ತು.

"ಸುಲೂ, ಹತ್ತೋಕೆ ಬಂದಿದೀನಿ. ಹಿಡೀತೀಯಾ?"

"ನಂಗೆ ಬರಲ್ಲ ಮೈಥಿಲಿ."

"ಈ ಹುಡುಗೀಗೆ ಕಲಿಸಿದ್ದು ಯಾರು ಮತ್ತೆ?"

"ಕಲಿಸೋದು ಬೇರೆ."

"ನಾನು ಬಿದ್ರೆ ನಿನ್ನ ಬೈಯಲ್ಲ ಕಣೇ. ಇನ್ನೊಂದು ಕಾಲಿದೆಯಲ್ಲ."

ತಮಾಷೆಗೇ ಅಂದದ್ದು. ಹುಡುಗರಲ್ಲಿ ಒಬ್ಬಿಬ್ಬರು ನಕ್ಕರು. ಮೇಡಂ ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಹಾಕಲಿಲ್ಲ. ಅವರು ಯಾವತ್ತೂ ಹಗ್ಗವನ್ನು ಮಣ್ಣಿಗೆ ಹಾಕಿದವರಲ್ಲ. ನನ್ನ ಕೈಗಿಟ್ಟು, ತಮ್ಮ ಚೀಲ ಹೆಗಲಿಗೇರಿಸಿ, ಬಸ್ಸಿನ ದಾರಿ ಹಿಡಿದರು.

ನಾನು ಹಿಂದೆ ಓಡಬೇಕಿತ್ತೇ? ಮೈಥಿಲಿ ಅಕ್ಕ ಆಗಲೇ ಊರುಗೋಲನ್ನು ಹುಡುಗನ ಕೈಗೆ ಕೊಟ್ಟು ಬಂಡೆಗೆ ಕೈ ಹಚ್ಚಿದ್ದರು. ನಾನು ಹಗ್ಗದ ಒಂದು ತುದಿ ಅವರ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ನನ್ನ ಸೊಂಟಕ್ಕೆ ಬಳಸಿ ನಿಂತೆ. ಒಂದೇ ಕಾಲಿನ ಬಲದಲ್ಲಿ, ತೋಳಿನಿಂದ ಮೈ ಎಳೆದುಕೊಳ್ಳುತ್ತಾ, ಅವರು ಎರಡಾಳು ಎತ್ತರ ಹತ್ತಿದರು. ಅಲ್ಲಿ ಚಾಚಿದ ಒಂದು ಕಲ್ಲಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಜೋರಾಗಿ ನಕ್ಕರು. ಅಂಥ ನಗುವನ್ನು ನಾನು ಕೇಳಿರಲಿಲ್ಲ. ಮೇಡಂ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ತಿರುಗಿ ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಹಗ್ಗ ಹಿಡಿದವಳು ಏನೇ ಆದರೂ ಹಿಂದೆ ತಿರುಗಬಾರದು ಎಂದು ಅವರೇ ಕಲಿಸಿದ್ದರು. ನಾನು ತಿರುಗಲಿಲ್ಲ.

ಆ ದಿನ ನಾನು ಡೈರಿ ಬರೆದಿದ್ದೇನೆ. ಬಿಸಿಲು ಕಡಿಮೆಯಿತ್ತು ಎಂದಿದೆ. ಚಿತ್ರಾನ್ನ ಉಳಿಯಿತು ಎಂದಿದೆ. ಮೇಡಂ ಹೆಸರೇ ಇಲ್ಲ.

ಮುಂದಿನ ಶನಿವಾರ ಮೇಡಂ ಚಾಮರಾಜಪೇಟೆಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ತುರಹಳ್ಳಿಗೂ ಬರಲಿಲ್ಲ. ನಾನು ಮಲ್ಲೇಶ್ವರಕ್ಕೆ ಹೋದರೆ, "ಪರೀಕ್ಷೆ ಪೇಪರ್ ತಿದ್ದೋದಿದೆ, ಹಗ್ಗ ನೀನೇ ಇಟ್ಕೋ, ಹುಡುಗರನ್ನ ನೋಡ್ಕೋ" ಎಂದು ಬಾಗಿಲಲ್ಲೇ ಹೇಳಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು. ಮೆಟ್ಟಿಲಿಳಿಯುವಾಗ ಅನ್ನಿಸಿತು: ಆ ಶನಿವಾರಗಳು, ಆ ನೀರು ತುಂಬುವುದು, ಆ ಡಬ್ಬಗಳು, ಇವೇ ಅವರು ಹಿಡಿದು ನಿಂತಿದ್ದ ಹಗ್ಗ. ನಾನು ಅದನ್ನೂ ಅವರ ಕೈಯಿಂದ ಬಿಡಿಸಿಬಿಟ್ಟೆನೇ?

ಕಾದು ಕಾದು ಸಾಕಾಗಿ ಮೈಥಿಲಿ ಅಕ್ಕ ನನಗೆ ಹೇಳಿಕಳಿಸಿದರು. "ಮಲ್ಲೇಶ್ವರಕ್ಕೆ ಕರ್ಕೊಂಡು ಹೋಗು. ಈ ಸಲ ಕದ್ದುಮುಚ್ಚಿ ಬೇಡ, ಕೆಳಗಿಂದಾನೇ ಕೂಗ್ತೀನಿ."

ಅಷ್ಟು ವರ್ಷಗಳ ಸ್ನೇಹದಲ್ಲಿ, ಬಿದ್ದ ಮೇಲೆ, ಮೈಥಿಲಿ ಅಕ್ಕ ಮೇಡಂ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಮೇಡಂ ಬರಗೊಟ್ಟಿರಲಿಲ್ಲ. ಮಹಡಿಗೆ ಹೋಗುವ ಮೆಟ್ಟಿಲು ಹಳೇ ವಠಾರಗಳಲ್ಲಿ ಇರುವಂಥದ್ದೇ. ಗೋಡೆಯಿಂದ ಚಾಚಿದ ಕಲ್ಲಿನ ಹಾಸುಗಳು, ಕಡಿದು, ಇನ್ನೊಂದು ಬದಿಗೆ ಕಂಬಿಯಿಲ್ಲ.

"ಸುಲೂ! ಬರ್ತಿದೀನಿ ಕಣೇ!"

ಮೇಡಂ ಮೇಲೆ ಕಾಣಿಸಿಕೊಂಡರು. "ಅಯ್ಯೋ, ಮೈಥಿಲಿ, ಅಲ್ಲೇ ಇರು! ನಾನೇ ಇಳಿದು ಬರ್ತೀನಿ."

"ಇಳಿದ್ರೆ ನೋಡು! ಇಳಿದೂ ಇಳಿದೂ ನನ್ನ ಹತ್ತೋಕೇ ಬಿಡಲಿಲ್ಲ ನೀನು. ಅಲ್ಲೇ ಕೂತ್ಕೋ."

ಮೇಡಂ ಮೇಲಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಮೈಥಿಲಿ ಅಕ್ಕ ಹತ್ತತೊಡಗಿದರು. ನಾನು ಅವರ ಹಿಂದೆ, ಎರಡೂ ಕೈ ಚಾಚಿಕೊಂಡು ಒಂದೊಂದೇ ಮೆಟ್ಟಿಲು ಏರಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ದನಿ ಬರತೊಡಗಿತು. ಮೇಡಂ ತಡೆದುಕೊಳ್ಳಲಾರದೆ ಹೇಳುತ್ತಿದ್ದರು: "ಎಡಗಾಲು ಮೊದಲು... ಗೋಡೆ ಕಡೆ ಒರಗು... ಆತುರ ಬೇಡ, ಉಸಿರು ತಗೋ..."

ಅಂಗಳದಿಂದ ರುಕ್ಮಿಣಮ್ಮ ಕೂಗಿದರು: "ಇದೂ ಹಿಮಾಲಯಾನೇ ಏನ್ರೀ? ಸಂಡಿಗೆ ಎತ್ಕೊಳ್ಳಲಾ?"

ಕೊನೆಯ ಮೆಟ್ಟಿಲು ಉಳಿದವಕ್ಕಿಂತ ಎತ್ತರ. ಅಲ್ಲಿ ಮೈಥಿಲಿ ಅಕ್ಕ ನಿಂತರು. ಆಗ ಮೇಡಂ ತಮ್ಮ ಬಲಗೈ ಚಾಚಿ ಅವರ ಮಣಿಕಟ್ಟು ಹಿಡಿದು ಮೇಲೆಳೆದುಕೊಂಡರು. ಸೀಮೆಸುಣ್ಣದ ಆ ಬೆರಳುಗಳು ನನಗೆ ಈಗಲೂ ಕಾಣುತ್ತವೆ. ಆಮೇಲೆ ಮೇಡಂ ಕಾಫಿಗೆಂದು ಇಟ್ಟ ಹಾಲು ಉಕ್ಕಿ ಚೆಲ್ಲಿತು. ಮತ್ತೆ ಇಟ್ಟರು. ಹಗ್ಗದ ಮಾತು ಯಾರೂ ಎತ್ತಲಿಲ್ಲ.

ನಾನು ಮೇಡಂ ಅವರನ್ನು ನೋಡಿದ್ದು ಅದೇ ಕೊನೆ. ತುಮಕೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಬಂಡೆಗಳು ದೂರವಾದವು. ಹೋಗಬೇಕು ಎಂದುಕೊಂಡ ಪ್ರತಿ ಸಲವೂ ಆ ಚಾಚಿದ ಕೈ ನೆನಪಾಗಿ, ಎಲ್ಲ ಸರಿಹೋಯಿತಲ್ಲ, ಇನ್ನೇನು, ಎಂದು ಸುಮ್ಮನಾಗುತ್ತಿದ್ದೆ. ಹೃದಯಾಘಾತದಿಂದ ಮೇಡಂ ತೀರಿಕೊಂಡ ಸುದ್ದಿ ಬರುವ ಹೊತ್ತಿಗೆ ಸಂಪಿಗೆ ರಸ್ತೆಯಲ್ಲಿ ದೊಡ್ಡ ಮಾಲ್ ಎದ್ದಿತ್ತು. ವೈಕುಂಠ ಸಮಾರಾಧನೆಯೂ ಮುಗಿದುಹೋಗಿತ್ತು. ಮಲ್ಲೇಶ್ವರಕ್ಕೆ ಹೋದರೆ ವಠಾರದ ಜಾಗದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುತ್ತಿದ್ದರು.

ಅಲ್ಲಿಂದ ನೇರ ಚಾಮರಾಜಪೇಟೆಗೆ ಹೋದೆ. ಮೈಥಿಲಿ ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಿಗೆ ಮಾತು ಬಂದು, ಸಮಾಧಾನ ಹೇಳುವವಳ ಹಾಗೆ ನಾನು ಅಂದೆ: "ಕೊನೇ ಮೆಟ್ಟಿಲಲ್ಲಿ ಮೇಡಂ ನಿಮಗೆ ಕೈ ಕೊಟ್ರಲ್ಲ ಅಕ್ಕ, ಅದೊಂದು ಸಾಕು ಅನ್ನಿಸತ್ತೆ."

"ಯಾರು, ಸುಲೂನಾ? ಎಲ್ಲಿ ಕೊಟ್ಳು?"

"ನಾನು ಕಣ್ಣಾರೆ ನೋಡಿದೀನಿ."

"ನೀನು ನನ್ನ ಹಿಂದೆ, ಕೆಳಗಿದ್ದೆ. ನನ್ನ ಬೆನ್ನು ಬಿಟ್ಟು ನಿಂಗೆ ಇನ್ನೇನು ಕಾಣ್ಬೇಕು?" ಅವರ ದನಿಯಲ್ಲಿ ಜಗಳವಿರಲಿಲ್ಲ. "ಕೈ ಕೊಡೇ ಅಂತ ಬಾಯಿಬಿಟ್ಟು ಕೇಳಿದೆ. ಎರಡೂ ಕೈನ ಸೆರಗಲ್ಲಿ ಸುತ್ಕೊಂಡು ಅಳ್ತಾ ಕೂತಿದ್ಳು. ನಾನೇ ಗೋಡೆ ಹಿಡ್ಕೊಂಡು ಹತ್ತಿದೆ. ಅದರ ಮುಂದಿನ ಶನಿವಾರ ಮತ್ತೆ ಬಂದ್ಳು. ನೀರು ತುಂಬಿದ್ಳು, ಡಬ್ಬ ಕೆಳಗಿಟ್ಳು. ಹೋಗೋ ಹಿಂದಿನ ವಾರದವರೆಗೂ."

ನಾನು ಮೈಥಿಲಿ ಅಕ್ಕನ ಮಾತನ್ನೇ ನಂಬುತ್ತೇನೆ. ಹತ್ತಿದವರು ಅವರು. ಆ ಮೆಟ್ಟಿಲ ಮೇಲೆ ಆ ಕೈ ಬೇಕಾಗಿದ್ದುದು ನನಗೆ. ಅದನ್ನು ನಾನೇ ಬರೆದುಕೊಂಡು, ಅದರ ಭರವಸೆಯ ಮೇಲೆ ಇಷ್ಟು ವರ್ಷ ಅವರನ್ನು ನೋಡಲು ಹೋಗದೆ ಉಳಿದೆ. ಹೀಗಿದ್ದೂ, ಕಣ್ಣು ಮುಚ್ಚಿದರೆ, ಆ ಸುಣ್ಣದ ಬೆರಳುಗಳು ಇನ್ನೂ ಚಾಚಿಯೇ ಇವೆ.

ಲೋಟ ತೊಳೆದಿಡಲು ಅಡುಗೆಮನೆಗೆ ಹೋದೆ. ಡಬ್ಬಗಳು ಗೋಡೆಯುದ್ದಕ್ಕೂ ನೆಲದ ಮೇಲೆಯೇ ಇದ್ದವು. ಒಂದನ್ನು ಎತ್ತಿಕೊಂಡೆ.

"ಇವನ್ನ ಮೇಲೆ ಇಡ್ಲಾ ಅಕ್ಕ?"

"ಬೇಡ. ಅವಳಿಟ್ಟಿದ್ದು. ಇರ್ಲಿ."

ಹೊರಡುವಾಗ ಬಾಗಿಲವರೆಗೂ ಬಂದರು. ಹೊಸ್ತಿಲಲ್ಲಿ ನಾನು ತಿಳಿಯದೆಯೇ ಅವರ ತೋಳು ಹಿಡಿದಿದ್ದೆ. ಅವರು ನನ್ನ ಕೈಯನ್ನೂ, ಆಮೇಲೆ ನನ್ನ ಮುಖವನ್ನೂ ನೋಡಿದರು.

"ಮುಂದಿನ ಶನಿವಾರ ಬರ್ತೀನಿ ಅಕ್ಕ," ಎಂದೆ.

"ಬಾ," ಎಂದು ಮೆಲ್ಲಗೆ ನನ್ನ ಬೆರಳು ಬಿಡಿಸಿಕೊಂಡರು. "ಭಾನುವಾರ ಬಾ, ಬುಧವಾರ ಬಾ. ಶನಿವಾರ ಮಾತ್ರ ಬರಬೇಡ."